ವಾಟೆ ಹಳ್ಳಕ್ಕೆ ವಾಟೆ ತಂದ ವಿಲ್ಬರ್ನ್

ಪೈನ್ ಮರಗಳ ಸಾಲಿನ ಹಿಂದೆ ಆಕಾಶ ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗಿದೆ. ಸೇತುವೆಯ ಪಕ್ಕದಲ್ಲಿ ಹಳೆಯ ಟ್ರಕ್ ನಿಲ್ಲಿಸಿ, ರಬ್ಬರ್ ಬೂಟು ತೊಟ್ಟು, ವಿಲ್ಬರ್ನ್ ಚಿಕವೇ ಎಂಬವರು ಹಳ್ಳಕ್ಕೆ ಇಳಿಯುತ್ತಾರೆ. ಫೆಬ್ರುವರಿ ತಿಂಗಳು. ನೀರಿನ ಅಂಚಿನಲ್ಲಿ ತೆಳ್ಳನೆಯ ಮಂಜುಗಡ್ಡೆ ಕಟ್ಟಿದೆ. ಅವರು ಕಾಲಿಟ್ಟಲ್ಲೆಲ್ಲ ಅದು ಹಪ್ಪಳದಂತೆ ಮುರಿಯುತ್ತದೆ. ಕೈಯಲ್ಲಿ ಗಿಡ್ಡ ಹಿಡಿಯ ಮಚ್ಚು, ಹೆಗಲಿಗೆ ಹಗ್ಗದ ಸುರುಳಿ.

ಎದುರಿಗೆ ವಾಟೆಯ, ಅಂದರೆ ತೆಳು ಬಿದಿರಿನ, ಮೆಳೆ. ಹೆಬ್ಬೆರಳು ದಪ್ಪದ, ಎರಡಾಳೆತ್ತರದ ಕೋಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಗಾಳಿ ಇಲ್ಲ, ಆದರೂ ತುದಿಯ ಎಲೆಗಳು ಪಿಸುಗುಡುತ್ತಿವೆ. ವಿಲ್ಬರ್ನ್ ಮಚ್ಚಿನ ಬೆನ್ನಿನಿಂದ ಒಂದು ಕೋಲನ್ನು ಮೆಲ್ಲಗೆ ತಟ್ಟುತ್ತಾರೆ. ಕಿವಿಗೊಡುತ್ತಾರೆ. ಇನ್ನೊಂದನ್ನು ತಟ್ಟುತ್ತಾರೆ. ಕಡಿಯುವುದಿಲ್ಲ.

“ಬೇರೆ ಹಳ್ಳದಲ್ಲಾಗಿದ್ರೆ ಇಷ್ಟೊತ್ತಿಗೆ ಒಂದು ಹೊರೆ ಆಗಿರ್ತಿತ್ತು,” ಎನ್ನುತ್ತಾರೆ, ದಂಡೆಯಲ್ಲಿ ನಿಂತ ನನ್ನ ಕಡೆ ತಿರುಗಿ, ನಾಚಿಕೊಂಡು. “ಇವತ್ತು ಕೈ ಏಳ್ತಿಲ್ಲ ನೋಡಮ್ಮ. ಹೊಸ ಮದುಮಗನ ಥರ ಆಡ್ತಿದೀನಿ.”

ನಲವತ್ತು ವರ್ಷದಿಂದ ವಾಟೆ ಕಡಿಯುತ್ತ ಬಂದವರಿಗೆ ಇದು ಹೊಸದೇನಲ್ಲ. ಆದರೆ ಈ ಹಳ್ಳದಲ್ಲಿ ಅವರು ಒಂದು ಕೋಲನ್ನೂ ಕಡಿದಿಲ್ಲ. ಕಡಿಯಲು ಇಲ್ಲಿ ಏನೂ ಇರಲಿಲ್ಲ. ಈಗ ಇರುವುದೆಲ್ಲ ಅವರು ನೆಟ್ಟದ್ದು, ಹನ್ನೆರಡು ಚಳಿಗಾಲ ಕಾದದ್ದು. ಇವತ್ತು ಮೊದಲ ಕೊಯ್ಲು. ಈ ಹೊರೆ ಇಲ್ಲಿಂದ ನೇರವಾಗಿ ಮ್ಯಾಲಿ ಟಬ್ಬಿಯವರ ಜಗಲಿಗೆ ಹೋಗಬೇಕು. ಅವರು ಅದನ್ನು ಸೀಳಿ ನೋಡಬೇಕು. ಸೀಳು ಸರಾಗವಾಗಿ ತುದಿ ಮುಟ್ಟಿದರೆ ಬುಟ್ಟಿ. ಗಿಣ್ಣಿನಲ್ಲಿ ಮುರಿದರೆ ಸೌದೆ.

ಮ್ಯಾಲಿ ವಿಲ್ಬರ್ನರ ತಾಯಿಯ ತಂಗಿ. ವಯಸ್ಸು ಎಂಬತ್ತು ದಾಟಿದೆ. ಮಿಸಿಸಿಪ್ಪಿಯ ಈ ಕೆಂಪು ಮಣ್ಣಿನ ಗುಡ್ಡಗಳ ನಡುವೆ ಉಳಿದುಕೊಂಡ ಚಾಕ್ಟಾ ಜನರಲ್ಲಿ ಜೋಡಿಗೋಡೆಯ ಬುಟ್ಟಿ ಹೆಣೆಯುವವರು ನಮ್ಮ ಕಡೆ ಅವರೊಬ್ಬರೇ. ಒಳಗೊಂದು ಬುಟ್ಟಿ, ಹೊರಗೊಂದು ಬುಟ್ಟಿ, ಎರಡಕ್ಕೂ ಒಂದೇ ಎಳೆ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬೆರಳಾಡಿಸಿದರೂ ತಿಳಿಯುವುದಿಲ್ಲ. ಅವರು ಹೆಣೆದದ್ದೊಂದು ನನ್ನ ಮನೆಯಲ್ಲಿದೆ. ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡ ದಿನ ಮ್ಯಾಲಿ ಅದರ ತುಂಬ ಮುಸುಕಿನ ಜೋಳದ ರೊಟ್ಟಿ ತಂದಿಟ್ಟು ಹೋದರು. ಬುಟ್ಟಿ ಹಿಂದಿರುಗಿಸಲು ಹೋದಾಗ ತೆಗೆದುಕೊಳ್ಳಲಿಲ್ಲ.

ವಾಟೆ ಸಿಗದೆ ಮ್ಯಾಲಿಯವರ ಕೈ ಎರಡು ವರ್ಷದಿಂದ ಸುಮ್ಮನಿದೆ. ವಿಲ್ಬರ್ನ್ ದೂರದ ಹಳ್ಳಗಳಿಂದ ಕಡಿದು ತರುತ್ತಿದ್ದರು. ಕೊನೆಯದಾಗಿ ಉಳಿದಿದ್ದ ಜಾಗ ಯಾರಿಗೋ ಮಾರಾಟವಾಗಿ, ತಂತಿಬೇಲಿಗೆ ಬೀಗ ಬಿತ್ತು. ವಿಲ್ಬರ್ನರ ಮಗಳು ಕೆಂಡ್ರಾ ಈ ಹೆಣಿಗೆ ಕಲಿಯಬೇಕೆಂದು ಅಜ್ಜಿಯ ಬೆನ್ನು ಹತ್ತಿದ್ದಾಳೆ. ಪ್ಲಾಸ್ಟಿಕ್ ಪಟ್ಟಿಯಲ್ಲಾದರೂ ತೋರಿಸಿಕೊಡಿ ಎಂದರೆ ಮ್ಯಾಲಿ ಒಪ್ಪುವುದಿಲ್ಲ. “ಪ್ಲಾಸ್ಟಿಕ್ ಹೇಳಿದ ಮಾತು ಕೇಳುತ್ತೆ. ವಾಟೆ ಕೇಳಲ್ಲ. ಕೇಳದೇ ಇರೋದರ ಜೊತೆ ಜಗಳ ಆಡೋದನ್ನೇ ಕಲೀಬೇಕಾಗಿರೋದು,” ಎಂಬುದು ಅವರ ವಾದ. ಈ ಮೆಳೆಯೂ ಕೈಕೊಟ್ಟರೆ ಚಾಕು ಒರೆಸಿ ಒಳಗಿಡುತ್ತೇನೆ ಎಂದು ಕಳೆದ ತಿಂಗಳು ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಹೇಳಿದ್ದಾರೆ. ಅವರು ಹೇಳಿದರೆ ಹೇಳಿದ ಹಾಗೆ.

ಅದಕ್ಕೇ ವಿಲ್ಬರ್ನರ ಕೈ ಏಳುತ್ತಿಲ್ಲ.

ವಿಲ್ಬರ್ನರನ್ನು ಊರು ಬುಟ್ಟಿಯಿಂದ ಗುರುತಿಸುವುದಿಲ್ಲ. ಅವರು ಇಲ್ಲಿನ ನೀರು ಸರಬರಾಜಿನ ವಿಭಾಗದಲ್ಲಿ ಕೊಳವೆ ರಿಪೇರಿಯವರು. ಎಲ್ಲಾದರೂ ಪೈಪು ಒಡೆದರೆ ಫೋನು ಅವರಿಗೆ. ಎಲ್ಲರ ಬಾಯಲ್ಲೂ ‘ಪೈಪ್ ವಿಲ್ಬರ್ನ್’. ವಯಸ್ಸು ಅರವತ್ತೊಂದು. ಮಣ್ಣು ಅಗೆದು ಅಗೆದು ಬೆನ್ನು ಸ್ವಲ್ಪ ಬಾಗಿದೆ. ಚಳಿಗಾಲದಲ್ಲಿ, ಹಾವುಗಳು ಬಿಲ ಸೇರಿದ ಮೇಲೆ, ಕೆಲಸಕ್ಕೆ ಹೋಗುವ ಮುಂಚಿನ ಹೊತ್ತು ಮತ್ತು ಶನಿವಾರಗಳು ವಾಟೆಗೆ. ಕಡಿದು, ತುದಿ ಸವರಿ, ಹೊರೆ ಕಟ್ಟಿ ಹೆಣೆಯುವ ಹೆಂಗಸರ ಮನೆಗೆ ಹಾಕಿ ಬರುತ್ತಿದ್ದರು. ದೊಡ್ಡ ಊರುಗಳ ಸಂಗ್ರಹಾಲಯಗಳಲ್ಲಿ ಗಾಜಿನ ಒಳಗೆ ಕೂತ ಬುಟ್ಟಿಗಳ ಕೆಳಗೆ ಹೆಣೆದವರ ಹೆಸರಿದೆ. ಕಡಿದವರ ಹೆಸರನ್ನು ಯಾರೂ ಬರೆದಿಲ್ಲ.

ಬೇಸರವಿಲ್ಲವೇ ಎಂದು ಕೇಳಿದೆ.

“ಹೆಸರು ಹಾಕಿದ್ರೆ ಬುಟ್ಟಿ ಸೋರಿದಾಗ ನನ್ನೂ ಸೇರಿಸಿ ಬೈತಾರೆ. ಪೈಪು ಸೋರಿದ್ದಕ್ಕೆ ಬೈಸ್ಕೊಳ್ಳೋದೇ ಸಾಕಾಗಿದೆ.”

ಸೇತುವೆಯ ತಲೆಯಲ್ಲಿ ಕೌಂಟಿಯವರ ಹಸಿರು ಬೋರ್ಡು ಇದೆ: ಆಸ್ಕಿಬೋಗ್ ಕ್ರೀಕ್. ಪಟ್ಟಣದ ಜನ ತಲೆಮಾರುಗಳಿಂದ ಹಾಗೇ ಕರೆಯುತ್ತಾರೆ, ಏನೆಂದು ಕೇಳುವುದಿಲ್ಲ. ಅದು ಬಾಯಿಂದ ಬಾಯಿಗೆ ಸವೆದ ಚಾಕ್ಟಾದ ಎರಡು ಮಾತು, ಅಷ್ಟೇ. ಓಸ್ಕಿ ಎಂದರೆ ವಾಟೆ. ಬೋಕ್ ಎಂದರೆ ಹಳ್ಳ.

ಮ್ಯಾಲಿಯವರಿಗೆ ಆ ಬೋರ್ಡು ಕಂಡರೆ ನಗು. “ಬೋಕ್ ಅಂದ್ಮೇಲೆ ಮತ್ತೆ ಕ್ರೀಕ್ ಅಂತ ಯಾಕೆ? ಎರಡು ಸಲ ಹಳ್ಳ ಅಂತ ಬರ್ದಿದಾರೆ. ಒಂದೇ ಸಲ ಬರೆದ್ರೆ ಬೇಸಿಗೇಲಿ ಒಣಗಿಹೋದೀತು ಅಂತ ಭಯ ಇರಬೇಕು.”

ಹೆಸರು ಹೇಗೆ ಬಂತು ಎಂದರೆ ಅವರು ದೊಡ್ಡ ಕಥೆ ಕಟ್ಟುವುದಿಲ್ಲ. “ಬಗ್ಗಿ ನೋಡಿದ್ರೆ ಹಳ್ಳ, ತಲೆ ಎತ್ತಿದ್ರೆ ವಾಟೆ. ಇನ್ನೇನಂತ ಕರೀತಾರೆ?” ಆಮೇಲೆ ಮಿಕ್ಕದ್ದನ್ನು ಹೇಳುತ್ತಾರೆ. ಅವರ ಅಜ್ಜಿಗೆ ಅವರಜ್ಜಿ ಹೇಳಿದ್ದು. ಆಗ ಈ ಹಳ್ಳದ ಎರಡೂ ದಂಡೆಯಲ್ಲಿ ವಾಟೆ ಎಷ್ಟು ಒತ್ತಾಗಿತ್ತೆಂದರೆ ನಡುಮಧ್ಯಾಹ್ನ ಒಳಗೆ ಹೋದವರಿಗೆ ಅಂಗೈ ಕಾಣುತ್ತಿರಲಿಲ್ಲ. ಸರ್ಕಾರದವರು ಚಾಕ್ಟಾ ಜನರನ್ನೆಲ್ಲ ಎಬ್ಬಿಸಿ ದೊಡ್ಡ ನದಿಯಾಚೆ ಪಶ್ಚಿಮಕ್ಕೆ ಸಾಗಿಸಿದ ವರ್ಷ, ಹೋಗಲೊಲ್ಲದ ಕೆಲವು ಮನೆಯವರು ಮಕ್ಕಳನ್ನು ಎತ್ತಿಕೊಂಡು ಈ ವಾಟೆಯೊಳಗೆ ಹೊಕ್ಕು ಕೂತರು. ದಂಡೆಯ ಮೇಲೆ ಕುದುರೆ ಸವಾರರು ಬಂದು ಹೋದರು. ಕುದುರೆ ಒಳಗೆ ನುಗ್ಗಲಾಗಲಿಲ್ಲ. ಚಳಿಗಾಲ ಪೂರ್ತಿ ಹಾಗೇ ಕಳೆಯಿತು. ಕೂತಲ್ಲೇ ಕೈಗೆ ಸಿಕ್ಕ ವಾಟೆ ಸೀಳಿ ಬುಟ್ಟಿ ಹೆಣೆದರು.

“ನಮ್ಮನ್ನ ಬಚ್ಚಿಟ್ಕೊಂಡ ಹಳ್ಳ ಇದು,” ಎನ್ನುತ್ತಾರೆ ಮ್ಯಾಲಿ.

ಆಮೇಲೆ ಹತ್ತಿ ಬಂತು. ದನ ಬಂದವು, ಎಳೆ ಮೊಳಕೆ ಎಂದರೆ ದನಕ್ಕೆ ಪ್ರಾಣ. ಹೊಲಕ್ಕೆ ನೀರು ನುಗ್ಗದಿರಲಿ ಎಂದು ಹಳ್ಳದ ಸೊಟ್ಟ ತೆಗೆದು ನೇರ ಮಾಡಿದರು. ಕೊನೆಗೆ ಕಾಗದದ ಕಾರ್ಖಾನೆಗೆಂದು ಪೈನ್ ಸಾಲು ನೆಟ್ಟರು. ವಿಲ್ಬರ್ನ್ ಚಿಕ್ಕವರಿದ್ದಾಗ ಉಳಿದಿದ್ದ ಒಂದು ತಿರುವಿನಲ್ಲಿ ಒಂದೇ ಒಂದು ಮೆಳೆ ಇತ್ತಂತೆ. ಆಮೇಲೆ ಅದೂ ಇಲ್ಲ. ಬೋರ್ಡು ಮಾತ್ರ ಉಳಿಯಿತು.

ಆಗಷ್ಟೇ ಓದಲು ಕಲಿತಿದ್ದ ಕೆಂಡ್ರಾ ಒಂದು ದಿನ ಟ್ರಕ್ಕಿನ ಕಿಟಕಿಯಿಂದ ಅದನ್ನು ಓದಿದಳು. ಆ ಮಾತನ್ನು ವಿಲ್ಬರ್ನ್ ಇಂದಿಗೂ ಅವಳ ದನಿಯಲ್ಲೇ ಹೇಳುತ್ತಾರೆ. “ಅಪ್ಪಾ, ವಾಟೆ ಎಲ್ಲಿ?” ಮುಂಚೆ ಇತ್ತು ಮಗಳೇ ಎಂದರು. “ಹಾಗಾದ್ರೆ ಈಗ ಯಾಕೆ ಸುಳ್ಳು ಹೇಳ್ತಾರೆ?”

“ನಾನು ರೇಡಿಯೋ ಜೋರು ಮಾಡ್ದೆ,” ಎಂದು ನಗುತ್ತಾರೆ ವಿಲ್ಬರ್ನ್. “ಏನಂತ ಹೇಳ್ಲಿ? ಆದ್ರೆ ಆ ಸೇತುವೆ ದಾಟೋವಾಗೆಲ್ಲ ಅದೇ ಕೇಳಿಸ್ತಿತ್ತು. ದಿನಾ ದಾಟಬೇಕಲ್ಲ, ಕೆಲಸಕ್ಕೆ ಬೇರೆ ದಾರಿ ಇಲ್ಲ.”

ವರ್ಷಗಳು ಕಳೆದವು. ಅವರು ಕಡಿಯುತ್ತಿದ್ದ ಹಳ್ಳಗಳು ಒಂದೊಂದಾಗಿ ಬರಿದಾದವು. ಆಗ ಶುರು ಮಾಡಿದರು. ದಕ್ಷಿಣಕ್ಕೆ ಅರ್ಧ ದಿನದ ದಾರಿಯ ಒಂದು ಹಳ್ಳದಲ್ಲಿ ಇನ್ನೂ ಮೆಳೆಗಳಿದ್ದವು. ಆ ಊರಿನವರನ್ನು ಕೇಳಿ, ಬೇರುಸಹಿತ ಅಗೆದು, ಟ್ರಕ್ಕಿನಲ್ಲಿ ತಂದು ಇಲ್ಲಿ ನೆಟ್ಟರು. ಕೆಲವು ವಾರ ಹಸಿರಾಗಿ ನಿಂತವು. ಏಪ್ರಿಲ್ ಹೊತ್ತಿಗೆ ಒಣಹುಲ್ಲು. ಮರುವರ್ಷ ಮತ್ತೆ ತಂದರು. ಮತ್ತೆ ಒಣಹುಲ್ಲು. ಅದರ ಮರುವರ್ಷವೂ ಅದೇ ಕಥೆ.

ಹಳ್ಳದ ಆಚೆ ದಂಡೆಯ ಹೊಲ ಟ್ರ್ಯಾವಿಸ್ ಗ್ರೈಮ್ಸ್ ಎಂಬ ಬಿಳಿಯ ರೈತರದು. ಅವರು ಬೇಲಿಯಾಚೆಯಿಂದ ಕೂಗುತ್ತಿದ್ದರಂತೆ: “ವಿಲ್ಬರ್ನ್, ಈ ಸಲದ ಹುಲ್ಲು ಚೆನ್ನಾಗಿ ಒಣಗಿದೆ ಕಣಯ್ಯ. ನನ್ನ ದನಕ್ಕೆ ಕೊಡ್ತೀಯಾ?”

ತಪ್ಪು ಎಲ್ಲಿದೆ ಎಂದು ವಿಲ್ಬರ್ನರಿಗೆ ಹೊಳೆಯಲಿಲ್ಲ. ಹೊಳೆಯುವುದು ಕಷ್ಟವೂ ಆಗಿತ್ತು. ಏಕೆಂದರೆ ಅವರು ಎಲ್ಲವನ್ನೂ ಅಮ್ಮ ಕಲಿಸಿದಂತೆಯೇ ಮಾಡುತ್ತಿದ್ದರು.

ಈ ಮನೆತನದ ವಾಟೆಯವರಿಗೆ ಒಂದು ರೀತಿ ಇದೆ. ಕಡಿಯುವ ಮೊದಲು ವಾಟೆಯನ್ನೇ ಕೇಳಬೇಕು. ಎಳೆಯದನ್ನು ಮುಟ್ಟಬಾರದು. ಕಡಿದಾದ ಮೇಲೆ ಒಂದೊಂದು ಕೋಲನ್ನೂ ಅದೇ ಹಳ್ಳದ ನೀರಿನಲ್ಲಿ ತೊಳೆದು, ಬುಡದ ಕೆಸರನ್ನು ಅಲ್ಲೇ ಬಿಟ್ಟು ಬರಬೇಕು. ಇನ್ನೊಬ್ಬರ ಹಳ್ಳದಿಂದ ವಾಟೆ ತರಬಹುದು, ಮಣ್ಣು ತರುವ ಹಾಗಿಲ್ಲ. ಕೆಸರಿದ್ದರೆ ಚಾಕುವಿನ ಬಾಯಿ ಹೋಗುತ್ತದೆ ಎಂಬುದೂ ನಿಜ. ಆದರೆ ವಿಲ್ಬರ್ನರಿಗೆ ಅದು ಚಾಕುವಿನ ಮಾತಲ್ಲ, ಮರ್ಯಾದೆಯ ಮಾತು. ಹಾಗಾಗಿ ಅಗೆದ ಬೇರುಗಳನ್ನೂ ಅವರು ಒಂದು ಚೂರು ಮಣ್ಣಿಲ್ಲದಂತೆ ತೊಳೆದು ತರುತ್ತಿದ್ದರು.

ಮೂರನೆಯ ವರ್ಷವೂ ಒಣಗಿದ ಮೇಲೆ, ಮುಂದಿನ ಜನವರಿಯಲ್ಲಿ ಮ್ಯಾಲಿ ಟ್ರಕ್ಕಿನಲ್ಲಿ ಜೊತೆಗೆ ಹೊರಟರು. ಆ ದಿನದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಎರಡೂ ಒಂದೇ ಥರ ಇದೆ.

“ಏನ್ ಮಾಡ್ತಿದೀಯೋ ಅಲ್ಲಿ ನೀರಲ್ಲಿ ಕೂತು?”

“ಬೇರು ತೊಳೀತಿದೀನಿ ಚಿಕ್ಕಮ್ಮ. ಅಮ್ಮ ಹೇಳಿಕೊಟ್ಟ ಹಾಗೆ.”

“ನಮ್ಮಕ್ಕ ಹೇಳಿಕೊಟ್ಟಿದ್ದು ಸತ್ತ ಕೋಲಿಗೆ ಕಣೋ! ಇದಕ್ಕೆ ಜೀವ ಇದೆ. ಮಗೂನ ತಾಯಿ ಮಡಿಲಿಂದ ಕಿತ್ತು, ಜನವರಿ ನೀರಲ್ಲಿ ಬರಿಮೈಲಿ ಮುಳುಗ್ಸಿ, ಗಾಳಿಗೆ ಟ್ರಕ್ಕಲ್ಲಿ ಮಲಗ್ಸಿ ಕರ್ಕೊಂಡು ಹೋದ್ರೆ ಬದುಕುತ್ತೇನೋ?”

“ಹಾಗಂತ ಇವರ ಮಣ್ಣು ಕದ್ಕೊಂಡು ಹೋಗ್ಲಾ?”

“ಕದಿ ಅಂತ ಯಾರು ಹೇಳಿದ್ರು? ನಮ್ಮ ಹಳ್ಳದಲ್ಲಿ ಮಣ್ಣಿಲ್ವಾ? ತಂದು ಕೊಡು, ತಗೊಂಡು ಹೋಗು.”

ವಿಲ್ಬರ್ನ್ ಅಂದು ಬರಿಗೈಯಲ್ಲಿ ಹಿಂದಿರುಗಿದರು. ಮುಂದಿನ ಶನಿವಾರ ಟ್ರಕ್ಕಿನ ತುಂಬ ಬಕೆಟ್ಟುಗಳಲ್ಲಿ ಓಸ್ಕಿ ಬೋಕ್‌ನ ಕೆಸರು ಹೊತ್ತು ಹೋದರು. ಆ ಊರಿನ ಹಿರಿಯರ ಮುಂದೆ ಬಕೆಟ್ ಇಳಿಸಿದರು. ಅವರು ಅದರೊಳಗೆ ಇಣುಕಿ, ವಿಲ್ಬರ್ನರ ಮುಖ ನೋಡಿ, “ಇಷ್ಟು ದೂರ ಕೆಸರು ತಂದ ಮನುಷ್ಯನಿಗೆ ಇಲ್ಲ ಅನ್ನೋದು ಹೇಗೆ?” ಎಂದರಂತೆ. ಮೆಳೆಯನ್ನು ಅದರ ಮಣ್ಣಿನ ಉಂಡೆಯ ಸಮೇತ ಅಗೆದು, ಗೋಣಿ ಸುತ್ತಿ, ಆ ಗುಂಡಿಗೆ ಇಲ್ಲಿನ ಕೆಸರು ತುಂಬಿ ಬಂದರು.

ಏಪ್ರಿಲ್ ಬಂತು. ಒಣಗಲಿಲ್ಲ. ಮೇ ತಿಂಗಳಲ್ಲಿ ಬುಡದಲ್ಲಿ ಪೆನ್ಸಿಲ್ ತುದಿಯಂಥ ಒಂದು ಮೊಳಕೆ.

“ಚಿಕ್ಕಮ್ಮನ್ನ ಕರ್ಕೊಂಡು ಬಂದು ತೋರಿಸ್ದೆ. ಒಂದೇ ಮಾತು ಅಂದ್ರು. ‘ಮುಟ್ಟಬೇಡ’ ಅಂತ.”

ಆಮೇಲೂ ಸುಲಭವಾಗಲಿಲ್ಲ. ಟ್ರ್ಯಾವಿಸ್‌ರ ಒಂದು ಹಸು ಬೇಲಿ ಹಾರಿ ಆ ವರ್ಷದ ಮೊಳಕೆಯನ್ನೆಲ್ಲ ಮುಗಿಸಿತು. ವಿಲ್ಬರ್ನ್ ಜಗಳಕ್ಕೆ ಹೋಗಲಿಲ್ಲ. ತಾವೇ ಕಂಬ ಹೂಳಿ ಬೇಲಿ ಎತ್ತರಿಸಿ ಕೊಟ್ಟರು. ಟ್ರ್ಯಾವಿಸ್ ಎರಡು ದಿನ ನೋಡುತ್ತ ನಿಂತಿದ್ದು, ಮೂರನೆಯ ದಿನ ಸುತ್ತಿಗೆ ಹಿಡಿದು ಬಂದರು. ಈಗ ತಮ್ಮ ದಂಡೆಗೂ ವಾಟೆ ದಾಟಿ ಬರಲು ಬಿಟ್ಟಿದ್ದಾರೆ. ಕೇಳಿದರೆ, “ನನಗೇನು ಗೊತ್ತು? ಮೀನು ಹಿಡಿಯೋ ಕೋಲು ಬೆಳೀತಿದಾನೆ ಅಂದ್ಕೊಂಡಿದ್ದೆ. ಮಳೆಗೆ ನನ್ನ ದಂಡೆ ಕುಸಿಯೋದು ನಿಂತಿದೆ, ಅಷ್ಟು ಗೊತ್ತು,” ಎನ್ನುತ್ತಾರೆ.

ಇವತ್ತಿನ ಬೆಳಗಿಗೆ ಬರೋಣ. ಬಿಸಿಲು ನೀರಿಗೆ ಬೀಳುವ ಹೊತ್ತಿಗೆ ವಿಲ್ಬರ್ನ್ ಕೊನೆಗೂ ಮಚ್ಚು ಎತ್ತುತ್ತಾರೆ. ಮೆಳೆಯ ಹೊರ ಅಂಚಿನಲ್ಲಿ, ಬಿಸಿಲಿಗೆ ತೆರೆದುಕೊಂಡ ಕಡೆ, ನುಣುಪಾದ ಕೊಬ್ಬಿದ ಕೋಲುಗಳನ್ನು ಆರಿಸಿ ಕಡಿಯುತ್ತಾರೆ. ನೀರಿನಲ್ಲಿ ತೊಳೆಯುತ್ತಾರೆ. ಹೊರೆ ಕಟ್ಟಿ ಹೆಗಲಿಗೇರಿಸುತ್ತಾರೆ.

ಮ್ಯಾಲಿಯವರ ಅಂಗಳದಲ್ಲಿ ಕಬ್ಬಿಣದ ಕಡಾಯಿಯಲ್ಲಿ ಹಂದಿಮಾಂಸ ಹಾಕಿದ ಮುಸುಕಿನ ಜೋಳದ ಗಂಜಿ ಕುದಿಯುತ್ತಿದೆ. ಅಂಚಿಗೆ ವಜ್ರದಾಕಾರದ ಪಟ್ಟಿ ಹೊಲಿದ ನೀಲಿ ನಿಲುವಂಗಿ ತೊಟ್ಟು, ಮಂಡಿಯ ಮೇಲೆ ಚರ್ಮದ ತುಂಡು ಹಾಸಿಕೊಂಡು, ಅವರು ಜಗಲಿಯಲ್ಲಿ ಕಾಯುತ್ತಿದ್ದಾರೆ. ಕೆಂಡ್ರಾ ಆಸ್ಪತ್ರೆಯ ಪಾಳಿ ಮುಗಿಸಿ ನರ್ಸಿನ ಬಟ್ಟೆಯಲ್ಲೇ ಬಂದಿದ್ದಾಳೆ.

“ನೀನೂ ಕೂತ್ಕೋ ಸೊಸೆ,” ನನಗೆ ಮ್ಯಾಲಿ ಹೇಳುತ್ತಾರೆ; ನನ್ನನ್ನು ಅವರು ಕರೆಯುವುದೇ ಹಾಗೆ. “ನಿಂತವರ ಎದುರಿಗೆ ವಾಟೆ ಸೀಳಲ್ಲ ನಾನು. ನೆರಳು ಬೀಳುತ್ತೆ.”

ಒಂದು ಕೋಲು ಎತ್ತಿಕೊಳ್ಳುತ್ತಾರೆ. ಮೂಸುತ್ತಾರೆ. ಬುಡಕ್ಕೆ ಚಾಕು ಒತ್ತಿ ಅಡ್ಡಲಾಗಿ ಎರಡು ಗೀರು ಹಾಕಿ, ನಾಲ್ಕು ದಬ್ಬೆಯಾಗುವಂತೆ ಬಾಯಿ ಬಿಡಿಸಿ, ಎರಡೂ ಕೈಯಿಂದ ಅಗಲಿಸುತ್ತಾರೆ. ಮೊದಲ ಗಿಣ್ಣು ದಾಟಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಸೀಳು ಪಕ್ಕಕ್ಕೆ ಓಡಿ, ದಬ್ಬೆ ಲಟಕ್ಕನೆ ತುಂಡಾಯಿತು.

ಇನ್ನೊಂದು. ಅದೂ ಹಾಗೇ.

ಮತ್ತೊಂದು. ಇದು ಎರಡನೆಯ ಗಿಣ್ಣಿಗೇ ಹೋಯಿತು.

ಕೆಂಡ್ರಾ ಅಪ್ಪನ ಕಡೆ ನೋಡುವುದಿಲ್ಲ. ವಿಲ್ಬರ್ನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾರೆ. ಮ್ಯಾಲಿ ತುಂಡಾದ ದಬ್ಬೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಚಾಕು ಒರೆಸುತ್ತಾರೆ. ಒಳಗಿಡುತ್ತಾರೆ ಎಂದುಕೊಂಡೆ.

“ಎಲ್ಲಿಂದ ಕಡಿದೆ?”

“ನಮ್ಮ ಹಳ್ಳದಿಂದಾನೇ ಚಿಕ್ಕಮ್ಮ.”

“ಹಳ್ಳ ಅಲ್ಲ ಕಣೋ. ಮೆಳೆಯಲ್ಲಿ ಎಲ್ಲಿಂದ?”

“ಅಂಚಿಂದ.”

“ಅಂಚಲ್ಲಿ ಇರೋವು ಯಾವು?”

“ಎಳೇವು.”

“ಗೊತ್ತಲ್ಲ! ಮೆಳೆ ಹೊರಗಡೆಗೆ ಬೆಳೆಯುತ್ತೆ, ಹಳೇದು ನಡುವೆ ಇರುತ್ತೆ ಅಂತ ನಿಂಗೆ ನಾನು ಹೇಳಬೇಕಾ? ಮೈ ತುಂಬಿದ್ದು ನೋಡಿ ಮೋಸ ಹೋಗೋಕೆ ನೀನೇನು ನೆನ್ನೆ ಮೊನ್ನೆ ಮಚ್ಚು ಹಿಡಿದವನಾ? ಊರೋರ ಹಳ್ಳದಲ್ಲೆಲ್ಲ ಕಣ್ಣು ನೆಟ್ಟಗಿತ್ತು. ಸ್ವಂತದ್ದಕ್ಕೆ ಬಂದಾಗ ಕುರುಡಾಯ್ತಾ?”

ಕುರುಡಾಗಿರಲಿಲ್ಲ. ನಡುವೆ ಇರುವುದು ಮೊದಲು ಬದುಕಿದ ಮೆಳೆ, ಗೋಣಿ ಸುತ್ತಿ ತಂದದ್ದು. ಮುಟ್ಟಬೇಡ ಎಂದು ಮ್ಯಾಲಿ ಅಂದು ಹೇಳಿದ್ದನ್ನು ಅವರು ಇಂದಿನವರೆಗೂ ಮುಟ್ಟಿರಲಿಲ್ಲ.

“ಅದನ್ನ ಹೆಂಗೆ ಚಿಕ್ಕಮ್ಮ...” ಎಂದು ನಿಲ್ಲಿಸುತ್ತಾರೆ.

ಮ್ಯಾಲಿಯವರ ದನಿ ತಗ್ಗುತ್ತದೆ. “ಮಗಾ, ಕಡೀದೇ ಬಿಟ್ರೆ ಅದು ನಿಂತಲ್ಲೇ ಬೂದಿಯಾಗುತ್ತೆ. ನೀನು ನೋಡ್ತಾ ಕೂರಲಿ ಅಂತ ಅದು ಬೆಳೆದಿದ್ದಲ್ಲ. ಹೋಗು. ಗಂಜಿ ಆರೋದರೊಳಗೆ ಬಾ.”

ಕೆಂಡ್ರಾ ಎದ್ದಳು. “ನಾನೂ ಬರ್ತೀನಿ ಅಪ್ಪ.”

ಹಳ್ಳಕ್ಕೆ ಮೂವರೂ ಹೋದೆವು. ಮೆಳೆಯೊಳಗೆ ನುಗ್ಗಲು ಮೈಯನ್ನು ಅಡ್ಡ ಮಾಡಿಕೊಳ್ಳಬೇಕು. ನಾಲ್ಕು ಹೆಜ್ಜೆಗೆ ಬೆಳಕು ಕಡಿಮೆಯಾಗುತ್ತದೆ, ಇನ್ನಷ್ಟು ಒಳಗೆ ರಸ್ತೆಯ ಸದ್ದೂ ಕೇಳುವುದಿಲ್ಲ. ನಾನು ಅಂಗೈ ಎತ್ತಿ ನೋಡಿಕೊಂಡೆ. ಕಾಣುತ್ತದೆ, ಮಬ್ಬಾಗಿ. ನಡುವಿನ ಕೋಲುಗಳಿಗೆ ಹಚ್ಚಹಸಿರಿಲ್ಲ, ನುಣುಪಿಲ್ಲ. ಬುಡದ ಹೊದಿಕೆ ಉದುರಿ, ಮೈಮೇಲೆ ಮಸುಕು ಕಲೆಗಳಾಗಿ ಒರಟಾಗಿವೆ. ವಿಲ್ಬರ್ನ್ ಮಚ್ಚಿನ ಬೆನ್ನಿನಿಂದ ತಟ್ಟುತ್ತಾರೆ. ಅಂಚಿನ ಕೋಲಿಗಿಂತ ಬೇರೆ ಸದ್ದು, ಬಾಗಿಲು ತಟ್ಟಿದಂತೆ. ಚಾಕ್ಟಾದಲ್ಲಿ ಏನೋ ಹೇಳುತ್ತಾರೆ, ತುಟಿಯಲ್ಲೇ. ನೆಲಕ್ಕೆ ಸಮನಾಗಿ ಒಂದೇ ಏಟು.

ಕಡಿದದ್ದನ್ನು ಕೆಂಡ್ರಾ ನೀರಿನಲ್ಲಿ ತೊಳೆದಳು. ಕೆಸರು ಓಸ್ಕಿ ಬೋಕ್‌ನಲ್ಲೇ ಉಳಿಯಿತು.

ಜಗಲಿಯಲ್ಲಿ ಮ್ಯಾಲಿ ಮೊದಲ ಕೋಲಿಗೆ ಚಾಕು ಒತ್ತುತ್ತಾರೆ. ಅಗಲಿಸುತ್ತಾರೆ. ಟಪ್. ಗಿಣ್ಣು ದಾಟಿತು. ಟಪ್. ಟಪ್. ಮೂರನೆಯದು ದಾಟಿತು. ಅವರು ನಿಲ್ಲಿಸುವುದಿಲ್ಲ, ಕೈಯ ವೇಗ ಹೆಚ್ಚುತ್ತದೆ. ಟಪ್, ಟಪ್, ಟಪ್ ಎಂದು ಸದ್ದು ಕೋಲಿನ ಉದ್ದಕ್ಕೂ ಓಡಿ ತುದಿಯಿಂದ ಆಚೆ ಜಿಗಿಯುತ್ತದೆ. ನಾಲ್ಕು ದಬ್ಬೆ ನಾಲ್ಕು ದಿಕ್ಕಿಗೆ ಬಿದ್ದು ಜಗಲಿಯ ಹಲಗೆಯ ಮೇಲೆ ಕುಣಿಯುತ್ತವೆ. ಒಂದನ್ನು ಎತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಹೆಬ್ಬೆರಳು ಕೊಟ್ಟು, ಮೇಲಿನ ಹೊಳೆಯುವ ಸಿಪ್ಪೆಯನ್ನು ಸರ್ರನೆ ಬಿಡಿಸುತ್ತಾರೆ. ಉದ್ದನೆಯ ಒಂದೇ ಎಳೆ. ಅದನ್ನು ಬೆರಳಿಗೆ ಸುತ್ತುತ್ತಾರೆ, ಗಂಟು ಹಾಕುತ್ತಾರೆ, ಬಿಚ್ಚುತ್ತಾರೆ. ಮುರಿಯುವುದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಎಂಬತ್ತು ದಾಟಿದ ಆ ಹೆಂಗಸು ಎಳೆಯನ್ನು ತಲೆಯ ಮೇಲೆ ಬಾವುಟದಂತೆ ಎತ್ತಿ ಹಿಡಿದು, ಬಯಲಿನಲ್ಲಿ ಚೆಂಡಾಟ ಗೆದ್ದಾಗ ನಮ್ಮ ಹೆಂಗಸರು ಕೂಗುವ ಕೂಗನ್ನು ಗಂಟಲು ಬಿಟ್ಟು ಕೂಗಿದರು. ರಸ್ತೆಯಾಚೆಯ ಮನೆಗಳ ಬಾಗಿಲು ತೆರೆದವು. ಯಾರೋ ತಿರುಗಿ ಕೂಗಿದರು. ಕೆಂಡ್ರಾ ಕೂಗಿದಳು. ನಾನೂ ಕೂಗಿದೆ, ಬಹಳ ತಿಂಗಳಾಗಿತ್ತು ನನ್ನ ದನಿ ಅಷ್ಟು ಜೋರಾಗಿ ಹೊರಟು.

“ಏನ್ ಮ್ಯಾಲಿ, ಯಾರು ಗೆದ್ರು?” ಎದುರುಮನೆಯವರು ಕೇಳಿದರು.

“ಹಳ್ಳ!” ಎಂದರು ಮ್ಯಾಲಿ. ಆಮೇಲೆ ಚಾಕುವಿನ ಹಿಡಿಯನ್ನು ಕೆಂಡ್ರಾಳ ಕಡೆ ತಿರುಗಿಸಿದರು. “ತಗೋ. ಮೊದಲ ಕೆಲಸ ಸೀಳೋದು. ಕೈ ಕುಯ್ದುಕೊಂಡ್ರೆ ನೀನೇ ನರ್ಸು, ನೀನೇ ಕಟ್ಕೋ.”

ವಿಲ್ಬರ್ನ್ ಗಂಜಿಯ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾರೆ. ಕಣ್ಣು ಒದ್ದೆಯಾಗಿದೆ. ಹೊಗೆ ಎನ್ನುತ್ತಾರೆ. ಗಾಳಿ ಇರುವುದು ಇನ್ನೊಂದು ಕಡೆಗೆ. ಅರ್ಧ ಬಟ್ಟಲು ಮುಗಿಯುವುದರೊಳಗೆ ಫೋನು ಬರುತ್ತದೆ. ಶಾಲೆಯ ಹಿಂದೆ ಪೈಪು ಒಡೆದಿದೆಯಂತೆ.

“ಇನ್ನೂ ಯಾಕೆ ಕೂತಿದೀಯ? ಹೋಗು,” ಎಂದು ಮ್ಯಾಲಿ ಗದರುತ್ತಾರೆ. “ವಾಟೆ ತಂದ ಅಂತ ಯಾರೂ ನಿಂಗೆ ರಜ ಕೊಡಲ್ಲ.”

ಮೂರು ವಾರ ಕಳೆದು ಮತ್ತೆ ಹೋದಾಗ ಜಗಲಿಯ ಮೇಲೆ ಬಣ್ಣ ಹಾಕಿ ಒಣಗಲು ಬಿಟ್ಟ ಎಳೆಗಳು, ಕೆಂಪು, ಕಪ್ಪು ಮತ್ತು ವಾಟೆಯ ಸ್ವಂತ ಹಳದಿ. ಮ್ಯಾಲಿಯವರ ಮಡಿಲಲ್ಲಿ ಜೋಡಿಗೋಡೆಯ ಬುಟ್ಟಿ ಒಳಗಿನ ಸುತ್ತು ಮುಗಿಸಿ ಹೊರಕ್ಕೆ ತಿರುಗಿತ್ತು. ಪಕ್ಕದಲ್ಲಿ ಕೆಂಡ್ರಾಳ ಬುಟ್ಟಿ. ಒಂದು ಕಡೆಗೆ ವಾಲಿದೆ. ಅವಳ ಎರಡು ಬೆರಳಿಗೆ ಪಟ್ಟಿ.

ವಿಲ್ಬರ್ನ್ ಹಳ್ಳದ ಹತ್ತಿರ ಇದ್ದಾರೆ ಎಂದರು. ಹೋದೆ. ಸೇತುವೆಯ ಪಕ್ಕ ಅವರ ಟ್ರಕ್ಕಿನ ಹಿಂದೆ ಇನ್ನೊಂದು ಟ್ರಕ್ ನಿಂತಿತ್ತು. ಉತ್ತರದ ಕಡೆಯ ಒಂದು ಚಾಕ್ಟಾ ಊರಿನಿಂದ ಗಂಡ ಹೆಂಡತಿ ಬಂದಿದ್ದಾರೆ. ಅವರ ಊರಿನ ಹಳ್ಳದಲ್ಲೂ ವಾಟೆ ಹೋಗಿ ಬಹಳ ಕಾಲವಾಗಿದೆ. ಒಂದು ಮೆಳೆ ಅಗೆದುಕೊಂಡು ಹೋಗಬಹುದೇ ಎಂದು ಕೇಳಲು ಬಂದವರು, ಗುದ್ದಲಿ ಹಿಡಿದು ಸಂಕೋಚದಿಂದ ನಿಂತಿದ್ದಾರೆ. ಹನ್ನೆರಡು ವರ್ಷದ ಹಿಂದೆ ಬೇರೆಯವರ ದಂಡೆಯಲ್ಲಿ ವಿಲ್ಬರ್ನ್ ಹೀಗೇ ನಿಂತಿದ್ದಿರಬೇಕು.

ಅವರು ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಟೋಪಿ ಸರಿಮಾಡಿಕೊಂಡು ಆ ಟ್ರಕ್ಕಿನ ಹಿಂಭಾಗಕ್ಕೆ ಹೋಗಿ ಇಣುಕಿದರು. ತಿರುಗಿ ಬಂದಾಗ ಮುಖದಲ್ಲಿ ನಾನು ಅದುವರೆಗೆ ನೋಡಿರದ ಒಂದು ಗತ್ತು ಇತ್ತು.

“ಗುದ್ದಲಿ ತಂದಿದೀರಿ, ಸರಿ. ನಿಮ್ಮ ಹಳ್ಳದ ಮಣ್ಣು ಎಲ್ಲಿ?”